ಎರಡು ಭಾಷೆಯ ಮನೆ, ಮಾತು ಕಡಿಮೆ ಆಡುವ ಮಗು: ಒಂದು ಭಾಷೆ ಬಿಡಬೇಕಾ?

ಮನೆಯಲ್ಲಿ ಎರಡು ಭಾಷೆ ಇದೆ, ಎರಡು ವರ್ಷದ ಮಗ ಮಾತಾಡೋದು ಕಡಿಮೆ, ಒಂದು ಭಾಷೆ ನಿಲ್ಲಿಸಿಬಿಡಲಾ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಾನು ನಿಲ್ಲಿಸಿ ನೋಡಿದ್ದೇನೆ.

ನನ್ನ ಮಗಳಿಗೂ ಆಗ ಎರಡು ವರ್ಷ. "ಮಗುವಿಗೆ ಗೊಂದಲ ಆಗ್ತಿದೆ, ಇಂಗ್ಲಿಷ್ ಮಾತ್ರ ಆಡಿ" ಎಂದು ಪರಿಚಯದವರೊಬ್ಬರು ಹೇಳಿದರು. ಕೇಳಿದೆ. ನನ್ನ ಇಂಗ್ಲಿಷ್ ಕೆಲಸಕ್ಕೆ ಸಾಕು, ಮುದ್ದು ಮಾಡಲು ಸಾಲದು. "ಕಮ್, ಸಿಟ್, ಈಟ್" ಅನ್ನುವಷ್ಟಕ್ಕೆ ಮಾತು ಮುಗಿಯುತ್ತಿತ್ತು. ಕತೆ ನಿಂತಿತು, ಹಾಡು ನಿಂತಿತು. ಅವಳ ಕಿವಿಗೆ ಬೀಳುವ ಮಾತೇ ಕಡಿಮೆಯಾದರೆ ಅವಳು ಕಲಿಯುವುದಾದರೂ ಎಲ್ಲಿಂದ, ಅಲ್ವಾ?

ಕೊನೆಗೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಎರಡೂ ಭಾಷೆ ಸೇರಿಸಿ ಎಷ್ಟು ಪದ?" ನಾನು ಒಂದನ್ನಷ್ಟೇ ಎಣಿಸುತ್ತಿದ್ದೆ. ಮನೆಗೆ ಬಂದು ಒಂದು ವಾರ ಬರೆದಿಟ್ಟೆ. 'ನೀರು' ಒಂದು, 'ವಾಟರ್' ಇನ್ನೊಂದು. ನಾಯಿಗೆ 'ಬೌಬೌ' ಅಂದರೂ ಲೆಕ್ಕಕ್ಕುಂಟು. ಎರಡು ವರ್ಷದ ಹೊತ್ತಿಗೆ ಸುಮಾರು 50 ಪದ, ಎರಡು ಪದ ಜೋಡಿಸುವುದು, ಇದನ್ನು ನೋಡುತ್ತಾರೆ. "ನೀರು ಮೋರ್" ಕೂಡ ಜೋಡಿಯೇ. ಹೀಗೆ ಬೆರೆಸುವುದು ಗೊಂದಲ ಅಲ್ಲ. ಆ ಕ್ಷಣಕ್ಕೆ ಯಾವ ಪದ ಕೈಗೆ ಸಿಗುತ್ತೋ ಅದನ್ನು ಮಕ್ಕಳು ಬಳಸುತ್ತಾರೆ, ಅಷ್ಟೇ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ.

ನಾನು ಮತ್ತೆ ನನ್ನ ಭಾಷೆಗೇ ಮರಳಿದೆ. "ಇದೇನು? ಅದೇನು?" ಎಂದು ಪರೀಕ್ಷೆ ಮಾಡುವುದನ್ನು ಬಿಟ್ಟೆ. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಮಾಡುತ್ತಿದ್ದುದನ್ನೇ ಹೇಳುತ್ತಾ ಹೋದೆ. ಅವಳು "ಬಾಲ್" ಅಂದರೆ, "ಹೌದು, ಚೆಂಡು ಮಂಚದ ಕೆಳಗೆ ಹೋಯ್ತು" ಅನ್ನುತ್ತಿದ್ದೆ. ತಿದ್ದುತ್ತಿರಲಿಲ್ಲ, ಒಂದೆರಡು ಪದ ಸೇರಿಸುತ್ತಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ನೆ ಕಾಯುವುದು. ಏನಾದರೂ ಹೇಳಿ, ಅವಳ ಮುಖ ನೋಡುತ್ತಾ, ಮನಸ್ಸಲ್ಲೇ ಹತ್ತರವರೆಗೆ ಎಣಿಸುತ್ತಿದ್ದೆ. ಎಷ್ಟೋ ಸಲ ಏಳಕ್ಕೋ ಎಂಟಕ್ಕೋ ಮಾತು ಬರುತ್ತಿತ್ತು. ಮೊದಲೆಲ್ಲ ಅಷ್ಟರೊಳಗೆ ನಾನೇ ಬಾಯಿ ಹಾಕಿಬಿಡುತ್ತಿದ್ದೆ.

ಆದರೆ "ಎರಡು ಭಾಷೆ ಅಲ್ವಾ, ನಿಧಾನ ಆಗುತ್ತೆ" ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಿ ಕೂರಬೇಡಿ. ಎರಡು ವರ್ಷವಾದರೂ ಎರಡು ಪದ ಜೋಡಿಸುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಪದಗಳೇ ಹೋಗಿಬಿಟ್ಟಿವೆ, ಇದರಲ್ಲಿ ಒಂದಿದ್ದರೂ ಈಗಲೇ ಡಾಕ್ಟರಿಗೆ ತೋರಿಸಿ. ಮೊದಲು ಕಿವಿ ಪರೀಕ್ಷೆ ಆಗಲಿ. ಕಿವಿತಮಟೆಯ ಹಿಂದೆ ದ್ರವ ತುಂಬಿಕೊಂಡರೂ ಮಾತು ಸರಿಯಾಗಿ ಕೇಳಿಸದು. ಮಾತು ಕಲಿಯುವುದರಲ್ಲೇ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಹಾಗಾಗಿ ಹೋಗುವಾಗ ಎರಡೂ ಭಾಷೆಯ ಪದಗಳ ಪಟ್ಟಿ ಜೊತೆಗಿರಲಿ.