ಹಾರ್ಮೋನಿಯಂ, ಅಕಾರ್ಡಿಯನ್ ನುಡಿಸುವವರ ಬಳಗದಲ್ಲಿ ಏನು ನಡೆಯುತ್ತದೆ?

ಕಾರವಾರದ ಮನೆಯಲ್ಲಿ ಅಜ್ಜನ ಕಾಲದ ಅಕಾರ್ಡಿಯನ್ ಒಂದಿದೆ, ಮೊಬೈಲ್ ನೋಡಿಕೊಂಡು ಒಬ್ಬನೇ ಕಲಿಯುತ್ತಿದ್ದೇನೆ, ಇಂಥ ವಾದ್ಯದವರು ಬಳಗ ಕಟ್ಟಿಕೊಂಡು ಏನು ಮಾಡುತ್ತಾರೆ, ಅವರ ಕಾರ್ಯಕ್ರಮಗಳು ಹೇಗಿರುತ್ತವೆ, ನನ್ನಂಥ ಹೊಸಬ ಸೇರಿದರೆ ಉಪಯೋಗವಿದೆಯೇ ಎಂದು ನೀವು ಕೇಳಿದ್ದೀರಿ. ಶಿರಸಿಯಲ್ಲಿ ಅಂಥದೊಂದು ಬಳಗದಲ್ಲಿ 14 ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತಿರುವವಳಾಗಿ ಉತ್ತರಿಸುತ್ತಿದ್ದೇನೆ. ಉಪಯೋಗ ಖಂಡಿತ ಇದೆ. ಬಳಗ ನನಗೆ ಹೊಸ ಹಾಡುಗಳನ್ನು ಕಲಿಸಿದ್ದು ಕಡಿಮೆ. ಪಕ್ಕದವರ ಸ್ವರವನ್ನು ಕೇಳಿಸಿಕೊಂಡು ನುಡಿಸುವುದನ್ನೂ, ಬೇಡದ ಕಡೆ ಮನೆಯ (ಸ್ವರಕ್ಕಾಗಿ ಒತ್ತುವ ಕೀಲಿಯ) ಮೇಲಿಂದ ಬೆರಳು ತೆಗೆಯುವುದನ್ನೂ ಕಲಿಸಿದ್ದು ಹೆಚ್ಚು. ಇವೆರಡನ್ನೂ ಮೊಬೈಲ್ ಮುಂದೆ ಒಬ್ಬರೇ ಕುಳಿತು ಕಲಿಯಲು ಬರುವುದಿಲ್ಲ.

ನಮ್ಮ ಬಳಗಕ್ಕೆ ಹೆಸರೂ ಇಲ್ಲ, ನೋಂದಣಿಯೂ ಇಲ್ಲ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಊಟ ಮುಗಿಸಿಕೊಂಡು ಸದಸ್ಯರೊಬ್ಬರ ಮನೆಯ ಜಗುಲಿಯಲ್ಲಿ ಸೇರುತ್ತೇವೆ. ಈಗ 9 ಹಾರ್ಮೋನಿಯಂಗಳೂ 2 ಅಕಾರ್ಡಿಯನ್‌ಗಳೂ ಇವೆ. ತಬಲಾ ನುಡಿಸುವ ಇಬ್ಬರು ಹುಡುಗರು ಬಿಡುವಿದ್ದಾಗ ಬರುತ್ತಾರೆ. ಅಕಾರ್ಡಿಯನ್‌ನವರಲ್ಲಿ ಒಬ್ಬರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ನಿವೃತ್ತ ಬ್ಯಾಂಕ್ ನೌಕರರು, ಇನ್ನೊಬ್ಬಳು ಚರ್ಚಿನಲ್ಲಿ ಹಾಡುವವರೊಂದಿಗೆ ನುಡಿಸುತ್ತ ಬೆಳೆದ ಕೊಂಕಣಿ ಮನೆಮಾತಿನ ಹುಡುಗಿ. ಮೊದಲ ಸಲ ಅವರು ವಾದ್ಯ ತಂದಾಗ, ಪೇಟಿಯವರ, ಅಂದರೆ ಹಾರ್ಮೋನಿಯಂನವರ, ನಡುವೆ ಇದಕ್ಕೇನು ಕೆಲಸ ಎಂದು ಕೇಳಿದವರಿದ್ದರು. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಒಂದು ತುದಿ ಬಿಗಿದು ಇನ್ನೊಂದು ತುದಿ ಬಿಟ್ಟ ಲೋಹದ ನಾಲಿಗೆ (ರೀಡು), ಅದನ್ನು ಅಲುಗಿಸುವ ಗಾಳಿ, ಆ ಗಾಳಿಯನ್ನು ಒದಗಿಸುವ ತಿದಿ ಎರಡರಲ್ಲೂ ಇವೆ. ವಿಯೆನ್ನಾದ ಸಿರಿಲ್ ಡೆಮಿಯನ್ 1829ರಲ್ಲಿ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದರು. ಪ್ಯಾರಿಸ್‌ನ ಅಲೆಕ್ಸಾಂಡರ್ ಡೆಬೆಂ 1840ರ ದಶಕದಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ತನ್ನ ವಾದ್ಯವನ್ನು ಹೊರತಂದರು. ಕಾಲಿನಿಂದ ತುಳಿಯುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿ ಒತ್ತಿ ನುಡಿಸುವಂತೆ ಮಾರ್ಪಡಿಸಿ ಹೆಸರಾದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಕಾಲಿನ ಹಾರ್ಮೋನಿಯಂ ಶಿರಸಿಯವರಿಗೆ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಬಂದು ಡೇರೆ ಹಾಕುವ ನಾಟಕ ಕಂಪನಿಗಳಲ್ಲಿ ಅದನ್ನು ಕೇಳಿಯೇ ಈ ವಾದ್ಯದ ಹುಚ್ಚು ಹಿಡಿಸಿಕೊಂಡ ಹಿರಿಯರು ನಮ್ಮಲ್ಲಿದ್ದಾರೆ.

ಸೇರಿದ ಮೇಲೆ ಮೊದಲ ಒಂದು ಗಂಟೆ ಶ್ರುತಿಗೆ ಮೀಸಲು. ಹೊಸಬರಿಗೆ ಇದು ಬೇಸರ ತರಿಸಬಹುದು, ನನಗಂತೂ ಇಡೀ ದಿನದಲ್ಲಿ ಬಹಳ ಇಷ್ಟವಾದ ಹೊತ್ತು ಇದೇ. ತಂಬೂರಿಯನ್ನು ಬಿರಟೆ ತಿರುಗಿಸಿ ಶ್ರುತಿ ಮಾಡಬಹುದು, ತಬಲಾವನ್ನು ಸುತ್ತಿಗೆಯಿಂದ ತಟ್ಟಿ ಸರಿಪಡಿಸಬಹುದು. ರೀಡಿನ ವಾದ್ಯವನ್ನು ಕುಳಿತಲ್ಲಿಯೇ ಹೀಗೆ ಹೊಂದಿಸಲಾಗದು. ಒಂದು ಪೇಟಿಯ ಸ್ವರ ಸೆಕೆಂಡಿಗೆ 440 ಕಂಪನಗಳಲ್ಲಿದ್ದು, ಪಕ್ಕದ ಪೇಟಿಯ ಅದೇ ಸ್ವರ 442ರಲ್ಲಿದ್ದರೆ, ಎರಡನ್ನೂ ಒಟ್ಟಿಗೆ ಒತ್ತಿದಾಗ ನಾದ ಸೆಕೆಂಡಿಗೆ 2 ಸಲ ಏರಿ ಇಳಿಯುತ್ತದೆ. ಎರಡು ಪೇಟಿಗಳಲ್ಲಿ ಅದು ಸಮುದ್ರದ ಅಲೆಯಂತೆ ಹಿತವಾಗಿ ಕೇಳಿಸಿದರೂ ಕೇಳಿಸೀತು, ಒಂಬತ್ತು ಪೇಟಿಗಳು ಸೇರಿದರೆ ಅದು ಸಂತೆಯ ಗದ್ದಲ. ಆದ್ದರಿಂದ ಒಬ್ಬೊಬ್ಬರಾಗಿ ಕರಿ ಒಂದರ, ಅಂದರೆ ಮೊದಲ ಕರಿ ಮನೆಯ, ಷಡ್ಜವನ್ನು ಹಿಡಿಯುತ್ತಾರೆ, ಉಳಿದವರು ಕಣ್ಣು ಮುಚ್ಚಿ ಆ ಅಲೆಗಳನ್ನು ಎಣಿಸುತ್ತಾರೆ, ಯಾವ ಪೇಟಿ ಯಾವುದರೊಂದಿಗೆ ಹೊಂದುತ್ತದೆ ಎಂಬುದನ್ನು ವಹಿಯಲ್ಲಿ ಬರೆದಿಡುತ್ತೇವೆ. ಹೊಂದದ ಪೇಟಿಯನ್ನು ಆ ದಿನ ಕೂಡಿ ನುಡಿಸುವಾಗ ಬಳಸುವುದಿಲ್ಲ, ಅದು ಎಷ್ಟೇ ಬೆಲೆಬಾಳುವುದಾಗಿರಲಿ. ವರ್ಷಕ್ಕೊಮ್ಮೆ ರಿಪೇರಿಯವರನ್ನು ಕರೆಸಿದಾಗ ಆ ವಹಿಯೇ ಅವರಿಗೆ ದಾರಿ ತೋರಿಸುತ್ತದೆ. ನಾಲಿಗೆಯ ತುದಿಯ ಹತ್ತಿರ ತುಸು ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೇಳಲು ಸುಲಭವಾದ ಈ ಕೆಲಸವನ್ನು ದಯವಿಟ್ಟು ಅಜ್ಜನ ವಾದ್ಯದ ಮೇಲೆ ಪ್ರಯೋಗಿಸಬೇಡಿ, ಕೆರೆದ ಲೋಹ ಮರಳಿ ಬರುವುದಿಲ್ಲ.

ಇದಾದ ಮೇಲೆ ಒಬ್ಬರು ತಂಬೂರಿ ಮೀಟುತ್ತಾರೆ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯ ಷಡ್ಜದ ತಂತಿಯಲ್ಲಿ ತಾನಾಗಿಯೇ ಒಂದು ಗಂಧಾರ ಹೊಮ್ಮುತ್ತದೆ. ಸಪ್ತಕವನ್ನು ಸಮವಾಗಿ ಹನ್ನೆರಡು ಪಾಲು ಮಾಡಿದ ನಮ್ಮ ಪೇಟಿಯ ಶುದ್ಧ ಗಂಧಾರ ಅದಕ್ಕಿಂತ ಸುಮಾರು 14 ಸೆಂಟ್‌ನಷ್ಟು, ಅಂದರೆ ಅಕ್ಕಪಕ್ಕದ ಎರಡು ಮನೆಗಳ ಅಂತರದ ಏಳನೆಯ ಒಂದು ಪಾಲಿನಷ್ಟು, ಮೇಲಿರುತ್ತದೆ. ಯಮನ್ ಅಥವಾ ಭೂಪ ರಾಗ ಹಾಡುವವರು ಗಂಧಾರದ ಮೇಲೆ ನಿಂತಾಗ ನಾವು ಅದನ್ನು ಒತ್ತಿ ಹಿಡಿಯದೆ, ಮುಟ್ಟಿ ಬಿಟ್ಟು, ಷಡ್ಜಕ್ಕೆ ಮರಳುವ ಅಭ್ಯಾಸ ಮಾಡಿಕೊಂಡದ್ದು ಈ ಕಾರಣದಿಂದ. ಠಾಣೆಯ ಡಾ. ವಿದ್ಯಾಧರ ಓಕ್ ಅವರು 22 ಶ್ರುತಿಗಳ (ಸೂಕ್ಷ್ಮ ಸ್ವರಸ್ಥಾನಗಳ) ಹಾರ್ಮೋನಿಯಂ ರೂಪಿಸಿದ್ದಾರೆ. ನಮ್ಮ ಬಳಗದಲ್ಲಿ ಯಾರ ಬಳಿಯೂ ಅದಿಲ್ಲ, ಇರುವುದರಲ್ಲಿಯೇ ಎಚ್ಚರದಿಂದ ನುಡಿಸುತ್ತೇವೆ.

ಈ ಎಚ್ಚರ ಏಕೆ ಬೇಕೆಂಬುದಕ್ಕೆ ನಿಮ್ಮ ಊರಿಗೇ ಸಂಬಂಧಿಸಿದ ಒಂದು ವಿಷಯವಿದೆ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. 1880ರ ದಶಕದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಂದಿಗೆ ಅವರು ಅಲ್ಲಿ ಕೆಲಕಾಲ ಇದ್ದರು. ಅದೇ ಟ್ಯಾಗೋರರು 1940ರ ಆರಂಭದಲ್ಲಿ ಆಕಾಶವಾಣಿಗೆ ಪತ್ರ ಬರೆದು, ನಮ್ಮ ಸಂಗೀತಕ್ಕೆ ಹಾರ್ಮೋನಿಯಂ ಸಾಥ್ (ಹಾಡಿಗೆ ಜೊತೆಯಾಗಿ ನುಡಿಸುವುದು) ಸಲ್ಲದು, ನಮ್ಮ ಆಶ್ರಮದಿಂದ ಅದನ್ನು ಪೂರ್ಣವಾಗಿ ಹೊರಗಿಟ್ಟಿದ್ದೇನೆ ಎಂದು ತಿಳಿಸಿದರು. ಆ ವರ್ಷದ ಮಾರ್ಚ್‌ನಲ್ಲಿ ಆಕಾಶವಾಣಿ ಈ ವಾದ್ಯವನ್ನು ನಿಷೇಧಿಸಿತು. ಸಾಥ್‌ಗೆ ಮಾತ್ರ ಅವಕಾಶ ಕೊಟ್ಟು ನಿಷೇಧ ಸಡಿಲವಾದದ್ದು 1971ರಲ್ಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇದರಲ್ಲಿ ಬರುವುದಿಲ್ಲ ಎಂಬ ಆಕ್ಷೇಪಣೆ ನಿಜವೇ ಆಗಿತ್ತು ಎಂದು ಪೇಟಿಯನ್ನು ಪ್ರೀತಿಸುವ ನಾನು ಒಪ್ಪುತ್ತೇನೆ. ಆದರೆ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರ (1917–2010) ಧ್ವನಿಮುದ್ರಿಕೆಯನ್ನು ಬಳಗದಲ್ಲಿ ಹಾಕಿ ಕೇಳಿದಾಗಲೆಲ್ಲ, ಕಣಸ್ವರವನ್ನು (ಮುಖ್ಯ ಸ್ವರಕ್ಕೆ ತಾಗಿ ಬರುವ ಕಿರುಸ್ವರವನ್ನು) ಎಷ್ಟು ಹಗುರವಾಗಿ ಮುಟ್ಟಬಹುದು, ತಿದಿಯ ಒತ್ತಡದಿಂದ ಒಂದೇ ಸ್ವರವನ್ನು ಎಷ್ಟು ಬಗೆಯಲ್ಲಿ ಹೇಳಬಹುದು ಎಂಬುದು ತಿಳಿಯುತ್ತದೆ.

ಈಗ ನಿಮ್ಮ ವಾದ್ಯದ ಮಾತಿಗೆ ಬರುತ್ತೇನೆ. ಹಾರ್ಮೋನಿಯಂನಲ್ಲಿ ಹೊರಗಿನ ತಿದಿ ತುಂಬಿದ ಗಾಳಿಯನ್ನು ಒಳಗಿನ ಸ್ಪ್ರಿಂಗ್ ತಿದಿ ಹಿಡಿದಿಟ್ಟುಕೊಂಡು ಸಮನಾಗಿ ಬಿಡುತ್ತದೆ. ಅಕಾರ್ಡಿಯನ್‌ನಲ್ಲಿ ಅಂಥ ಉಗ್ರಾಣವಿಲ್ಲ. ನಿಮ್ಮ ಎಡಗೈಯ ಎಳೆತ, ಒತ್ತಡ ನೇರವಾಗಿ ಸ್ವರವಾಗುತ್ತದೆ. ಆದ್ದರಿಂದ ತಿದಿಯ ದಿಕ್ಕು ಬದಲಾಗುವ ಜಾಗ ಹಾಡುವವನು ಉಸಿರು ತೆಗೆದುಕೊಳ್ಳುವ ಜಾಗವೇ ಆಗಬೇಕು. ದಾಸರ ಪದವನ್ನು ನುಡಿಸುವಾಗ ಚರಣದ ನಡುವೆ, ಪದವೊಂದನ್ನು ತುಂಡರಿಸಿ ತಿದಿ ಮರಳಿಸಿದರೆ ಕೇಳುವವರಿಗೆ ಕೂಡಲೇ ತಿಳಿಯುತ್ತದೆ. ಕುಮಟಾದ ಹಿರಿಯರು ಪದವನ್ನು ಬಾಯಲ್ಲಿ ಹೇಳಿಕೊಂಡು, ಉಸಿರಿನ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ. ಎಡಗೈಯ ಗುಂಡಿಗಳ ಬಗ್ಗೆಯೂ ನಾವು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆವು. ದೊಡ್ಡ ಅಕಾರ್ಡಿಯನ್‌ನಲ್ಲಿ ಅಂಥ 120 ಗುಂಡಿಗಳಿದ್ದು, ಹೆಚ್ಚಿನವು ಮೂರು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತವೆ. ಸಿನಿಮಾ ಹಾಡಿಗೂ ಚರ್ಚಿನ ಗೀತೆಗೂ ಅವು ಬೇಕು, ರಾಗಕ್ಕೆ ಅವು ಅಡ್ಡ ಬರುತ್ತವೆ. ಪರಿಹಾರ ವಾದ್ಯದಲ್ಲಿಯೇ ಇತ್ತು. ಒಂಟಿ ಸ್ವರದ ಸಾಲಿನಲ್ಲಿ ಗುಂಡಿಗಳು ಪಂಚಮದ ಅಂತರದಲ್ಲಿ ಜೋಡಣೆಯಾಗಿರುತ್ತವೆ: ಯಾವ ಗುಂಡಿಯನ್ನು ಷಡ್ಜವೆಂದು ಹಿಡಿದರೂ ಅದರ ಮೇಲಿನದು ಪಂಚಮ, ಕೆಳಗಿನದು ಮಧ್ಯಮ. ಷಡ್ಜ, ಪಂಚಮಗಳನ್ನು ಮೆಲ್ಲಗೆ ಒತ್ತಿದರೆ ಕೈಯಲ್ಲಿಯೇ ತಂಬೂರಿ ಸಿಕ್ಕಂತಾಯಿತು. ಇನ್ನು ಬಲಗೈ ಕಡೆಯ ಸ್ವಿಚ್‌ಗಳಲ್ಲಿ, ಒಂದೇ ಸ್ವರಕ್ಕೆ ಬೇಕೆಂದೇ ತುಸು ಭೇದವಿರುವ ಎರಡು ರೀಡುಗಳನ್ನು ತೆರೆದು ನಡುಗಿಸುವುದೊಂದಿದೆ; ಪೇಟಿಯವರೊಂದಿಗೆ ಕುಳಿತಾಗ ಅದನ್ನು ಮುಚ್ಚಿ, ಒಂದೇ ರೀಡಿನದನ್ನು ತೆರೆಯಿರಿ. ಮೊದಲ ಗಂಟೆಯಿಡೀ ಅಲೆಗಳನ್ನು ತೊಲಗಿಸಲು ದುಡಿದವರ ನಡುವೆ ಮತ್ತೆ ಅಲೆ ಎಬ್ಬಿಸುವುದು ಸರಿಯಲ್ಲ.

ಹೊಸಬರಿಗೆ ನಾವು ಮೊದಲು ಕೊಡುವ ಕೆಲಸ ಲೆಹರಾ. ತಬಲಾ ಹುಡುಗ ತೀನ್‌ತಾಲದಲ್ಲಿ ಕಾಯದಾ, ರೇಲಾ ಬಾರಿಸುತ್ತಿರುವಾಗ 16 ಮಾತ್ರೆಗಳ ಒಂದೇ ಸಾಲನ್ನು ಅರ್ಧ ಗಂಟೆ ತಪ್ಪದೆ, ಓಡದೆ, ಅಲಂಕರಿಸದೆ ನುಡಿಸುತ್ತಿರಬೇಕು. ಇದನ್ನು ಕೀಳು ಕೆಲಸವೆಂದು ತಿಳಿದು ಎರಡೇ ತಿಂಗಳಲ್ಲಿ ಬಿಟ್ಟು ಹೋದವರಿದ್ದಾರೆ. ಉಳಿದವರ ಲಯ ಗಟ್ಟಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಳೆಗಾಲದ ನಾಲ್ಕು ತಿಂಗಳು ಬಳಗದ ಅರ್ಧ ಹೊತ್ತು ವಾದ್ಯಗಳ ಆರೈಕೆಗೆ ಹೋಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಿಮ್ಮ ಕರಾವಳಿಯಲ್ಲಿ ಈ ಕೆಲಸ ಇನ್ನೂ ಮುಖ್ಯ. ಪೇಟಿಯ ಹಿತ್ತಾಳೆಯ ರೀಡುಗಳಿಗೆ ತುಕ್ಕಿನ ಭಯವಿಲ್ಲ, ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಅಕಾರ್ಡಿಯನ್‌ನ ರೀಡುಗಳು ಉಕ್ಕಿನವು, ಉಪ್ಪುಗಾಳಿ ತಾಗಿದರೆ ತುಕ್ಕು ಹಿಡಿಯುತ್ತವೆ. ನನ್ನ ಮೊದಲ ಹಾರ್ಮೋನಿಯಂ ಅನ್ನು ಥಂಡಿಯಿಂದ ಕಾಪಾಡಲೆಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟು, ತಿದಿಯ ಚರ್ಮ ಒಣಗಿ ಬಿರುಕು ಬಿಟ್ಟು, ಒಳಗೆಲ್ಲ ಮಸಿ ತುಂಬಿ ಅದನ್ನು ಹಾಳುಮಾಡಿಕೊಂಡೆ. ಆ ನೋವು ಇಂದಿಗೂ ಇದೆ. ಅಕಾರ್ಡಿಯನ್‌ನಲ್ಲಿ ರೀಡುಗಳನ್ನು ಮೇಣದಿಂದ ಕೂರಿಸಿರುತ್ತಾರಾದ್ದರಿಂದ ಬಿಸಿ ಅದಕ್ಕೆ ಇನ್ನೂ ಅಪಾಯ.

ಕಾರ್ಯಕ್ರಮಗಳು ವರ್ಷಕ್ಕೆ ಮೂರು ಅಥವಾ ನಾಲ್ಕು. ಗುರುಪೂರ್ಣಿಮೆಗೆ ಮನೆಯೊಳಗಿನ ಬೈಠಕ್, ಚೌತಿಯಲ್ಲಿ ಕರಾವಳಿಯ ಕಡೆ ಒಂದು, ಅಡಿಕೆ ಕೊಯ್ಲು ಮುಗಿದು ಜನರಿಗೆ ಸಂಜೆಯ ಬಿಡುವು ಸಿಕ್ಕ ಮೇಲೆ ಹಳ್ಳಿಯ ದೇವಸ್ಥಾನದಲ್ಲಿ ಒಂದು. ನಮ್ಮ ಮೊದಲ ಬಹಿರಂಗ ಕಾರ್ಯಕ್ರಮದಲ್ಲಿ ಆಗ ಇದ್ದ ಎಂಟೂ ಪೇಟಿಯವರು ಉತ್ಸಾಹದಿಂದ ಎರಡು ಗಂಟೆ ಒಟ್ಟಿಗೇ ನುಡಿಸಿದೆವು. ಮುಗಿದ ಮೇಲೆ ಕವಳದ ತಟ್ಟೆಯ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ, “ತಂಗೀ, ಎಲ್ಲರೂ ಚಲೋ ಬಾರಿಸಿದ್ರಿ, ಆದ್ರೆ ಪದ ಯಾವ್ದು ಅಂತ ಗೊತ್ತಾಗ್ಲಿಲ್ಲ” ಎಂದರು. ಅಂದಿನಿಂದ ನಾಲ್ಕಕ್ಕಿಂತ ಹೆಚ್ಚು ವಾದ್ಯಗಳು ಒಮ್ಮೆಗೇ ನುಡಿಯಬಾರದೆಂದು ನಿಯಮ ಮಾಡಿಕೊಂಡೆವು. ಈಗ ಆರಂಭದಲ್ಲಿ ನಾಲ್ವರು ಸೇರಿ ಭೂಪದಲ್ಲಿ ಒಂದು ಚಿಕ್ಕ ರಚನೆ ನುಡಿಸುತ್ತೇವೆ. ಆಮೇಲೆ ಹೊಸಬರು, ಏಕೆಂದರೆ ತಮ್ಮ ಸರದಿ ಮುಗಿಸಿಕೊಂಡವರು ಮಾತ್ರ ಉಳಿದದ್ದನ್ನು ನಿಶ್ಚಿಂತೆಯಿಂದ ಕೇಳಬಲ್ಲರು. ಬಳಿಕ ಒಬ್ಬರ ಸೋಲೊ, ತಬಲಾ ಸೋಲೊಗೆ ಲೆಹರಾ, ಕೊನೆಗೆ ರಂಗಗೀತೆಗಳು. ರಂಗಗೀತೆ ಬಂದಾಗ ಹಿಂದಿನ ಸಾಲಿನವರೂ ಮುಂದೆ ಬಂದು ಕುಳಿತುಕೊಳ್ಳುತ್ತಾರೆ. ಒಮ್ಮೆ ಅಂಕೋಲೆಯ ಕಡೆ ಗುಮಟೆ ಬಾರಿಸುವವರು ನಮ್ಮೊಂದಿಗೆ ಕುಳಿತಿದ್ದರು. ಮಣ್ಣಿನ ಗುಮಟೆಯ ಗುಂಯ್‌ಗುಡುವ ಪೆಟ್ಟಿಗೆ ಅಕಾರ್ಡಿಯನ್ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಪೇಟಿಯವರೆಲ್ಲ ತಾವಾಗಿಯೇ ನಿಲ್ಲಿಸಿ ಅವರಿಬ್ಬರಿಗೇ ಬಿಟ್ಟುಕೊಟ್ಟೆವು. ನಡುವೆ ಕರೆಂಟು ಹೋಗಿ ಮೈಕು ನಿಂತರೂ ಕೊನೆಯ ಸಾಲಿನವರೆಗೆ ಅದು ಕೇಳಿಸಿತು. ಕರಾವಳಿಯ ನಿಮಗೆ ಈ ಜೋಡಿ ನಮಗಿಂತ ಹತ್ತಿರದ್ದು. ಅದನ್ನು ಬೆಳೆಸಬೇಕೆಂಬುದು ನನ್ನ ಮನಸ್ಸಿನ ಆಸೆ.

ಕಾರವಾರದಿಂದ ಪ್ರತಿ ತಿಂಗಳು ಶಿರಸಿಗೆ ಬರುವುದು ಕಷ್ಟ. ನಿಮ್ಮ ಊರಿನ ಭಜನಾ ಮಂಡಳಿಯಲ್ಲಿ, ಚರ್ಚಿನಲ್ಲಿ, ಸಂಗೀತ ಶಾಲೆಯಲ್ಲಿ ವಿಚಾರಿಸಿದರೆ ಪೇಟಿಯವರು ಮೂವರಾದರೂ ಸಿಗುತ್ತಾರೆ, ಬಳಗ ಆರಂಭಿಸಲು ಅಷ್ಟು ಸಾಕು. ಅಲ್ಲಿಯವರೆಗೆ ಅಜ್ಜನ ವಾದ್ಯವನ್ನು ಅಡ್ಡ ಮಲಗಿಸದೆ ಅದರ ಕಾಲುಗುಂಡಿಗಳ ಮೇಲೆ ನೆಟ್ಟಗೆ ಇಡಿ, ಇಲ್ಲವಾದರೆ ರೀಡುಗಳ ಮೇಲಿನ ಚರ್ಮದ ಪಟ್ಟಿಗಳು ಜೋತುಬೀಳುತ್ತವೆ. ಯಾವುದಾದರೂ ಮನೆಯನ್ನಾಗಲಿ ಗಾಳಿ ಬಿಡುವ ಗುಂಡಿಯನ್ನಾಗಲಿ ಒತ್ತದೆ ತಿದಿಯನ್ನು ಎಳೆಯಬೇಡಿ, ಒಳಗೆ ಎಣ್ಣೆ ಹಾಕಬೇಡಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ತಿಂಗಳಿಗೊಮ್ಮೆ ಬದಲಿಸಿ. ಪ್ರತಿ ಮನೆಯನ್ನೂ ಒಮ್ಮೆ ಎಳೆಯುತ್ತ, ಒಮ್ಮೆ ಒತ್ತುತ್ತ ನುಡಿಸಿ ನೋಡಿ. ಎರಡೂ ದಿಕ್ಕಿಗೆ ಬೇರೆಬೇರೆ ರೀಡುಗಳಿರುವುದರಿಂದ ಒಂದು ಕಡೆ ಮಾತ್ರ ಮೂಕವಾದ ಸ್ವರಗಳಿರಬಹುದು, ಅವನ್ನು ಬರೆದಿಟ್ಟುಕೊಳ್ಳಿ. ದೀಪಾವಳಿಯ ಹೊತ್ತಿಗೆ ನಮ್ಮಲ್ಲಿಗೆ ರಿಪೇರಿಯವರು ಬರುತ್ತಾರೆ; ಆ ಚೀಟಿಯನ್ನೂ ವಾದ್ಯವನ್ನೂ ತೆಗೆದುಕೊಂಡು ಆ ಭಾನುವಾರ ಊಟದ ಹೊತ್ತಿಗೇ ಬನ್ನಿ.