ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾನ್ಸರ್ ರೋಗಿಗಳಿಗಾಗಿ ಐದು ಕಿಲೊಮೀಟರ್ ನಡಿಗೆ

ಪ್ರಶ್ನೆ: ನಾವು ಶಿರಸಿಯ ಕೆಲವು ಶಿಕ್ಷಕರು ಹಳೆಯ ವಿದ್ಯಾರ್ಥಿಗಳೊಂದಿಗೆ ಸೇರಿ, ಬರುವ ಫೆಬ್ರುವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ಐದು ಕಿಲೊಮೀಟರ್ ನಡಿಗೆಯೊಂದನ್ನು ಏರ್ಪಡಿಸಬೇಕೆಂದಿದ್ದೇವೆ. ಕಳೆದ ವರ್ಷ ನಮ್ಮ ಸಹೋದ್ಯೋಗಿಯೊಬ್ಬರು ಇದೇ ಕಾಯಿಲೆಯಿಂದ ತೀರಿಕೊಂಡರು. ಸಂಗ್ರಹವಾದ ಹಣ ರೋಗಿಗಳಿಗೂ ಸಂಶೋಧನೆಗೂ ಸಲ್ಲಬೇಕೆಂಬುದು ನಮ್ಮ ಆಸೆ. ಎಲ್ಲಿಂದ ಆರಂಭಿಸಬೇಕು?
– ಒಬ್ಬ ಶಿಕ್ಷಕಿ, ಶಿರಸಿ

ಉತ್ತರ: ನಡಿಗೆಯ ದಾರಿ, ಟಿ-ಶರ್ಟು, ಅತಿಥಿಗಳ ಪಟ್ಟಿ ಇವೆಲ್ಲಕ್ಕೂ ಮೊದಲು, ಹಣ ಯಾರ ಕೈ ಸೇರಿ ಯಾವ ಖರ್ಚಿಗೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿರಿ. ಕೆಲವು ವರ್ಷಗಳ ಹಿಂದೆ ನಾನು ಸ್ವಯಂಸೇವಕನಾಗಿದ್ದ ಒಂದು ನಡಿಗೆಯಲ್ಲಿ ನೋಂದಣಿ ಶುಲ್ಕದ ಬಹುಪಾಲು ಟಿ-ಶರ್ಟು, ಪದಕ ಮತ್ತು ವೇದಿಕೆಗೇ ಖರ್ಚಾಗಿ, ಉಳಿದಷ್ಟನ್ನು ಆಸ್ಪತ್ರೆಗೆ ಒಪ್ಪಿಸುವ ಹೊತ್ತಿಗೆ ನಮಗೆ ತಲೆಯೆತ್ತಲಾಗಲಿಲ್ಲ. ನೀರು, ಬಾಳೆಹಣ್ಣು, ಶಾಮಿಯಾನ, ಮುದ್ರಣ ಇವನ್ನು ಊರಿನ ಅಂಗಡಿಯವರಿಂದ ವಸ್ತುರೂಪದಲ್ಲೇ ಕೇಳಿ ಪಡೆದರೆ, ಶುಲ್ಕದ ಪ್ರತಿ ರೂಪಾಯಿಯೂ ರೋಗಿಗೆ ಉಳಿಯುತ್ತದೆ.

ರೋಗಿಗೆ ನಿಜವಾಗಿ ಏನು ಬೇಕು ಎಂಬುದನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ ತಿಳಿಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿರುವುದರಿಂದ, ಬಡ ಕುಟುಂಬವನ್ನು ಹಣ್ಣು ಮಾಡುವುದು ಅನೇಕ ವೇಳೆ ಆಸ್ಪತ್ರೆಯ ಬಿಲ್ಲಿಗಿಂತ ಅದರ ಸುತ್ತಲಿನ ಖರ್ಚು. ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ, ಎಷ್ಟೋ ಜನರಿಗೆ ಐದಾರು ವಾರಗಳ ಕಾಲ ಕೊಡುತ್ತಾರೆ. ದಿನದ ಚಿಕಿತ್ಸೆ ಕೆಲವೇ ನಿಮಿಷಗಳದ್ದಾದರೂ, ಅದಕ್ಕಾಗಿ ಶಿರಸಿಯ ಕೂಲಿ ಕಾರ್ಮಿಕರೊಬ್ಬರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಬಳಿಯೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಸುತ್ತಮುತ್ತಲೋ ತಿಂಗಳಿಗೂ ಹೆಚ್ಚು ಕಾಲ ಉಳಿಯಬೇಕಾಗುತ್ತದೆ. ಜೊತೆಗೆ ಹೋದವರ ಕೂಲಿಯೂ ನಿಲ್ಲುತ್ತದೆ. ವಸತಿ, ಊಟ, ಬಸ್ ಚಾರ್ಜು, ಮನೆಯಲ್ಲಿರುವ ಮಕ್ಕಳ ಶಾಲೆಯ ಖರ್ಚು ಇವುಗಳಿಗೇ ನಿಮ್ಮ ಹಣದ ದೊಡ್ಡ ಪಾಲನ್ನು ಮೀಸಲಿಡಿ. ರೈಲಿನ ಸ್ಲೀಪರ್ ಮತ್ತು 3ಎಸಿ ದರ್ಜೆಗಳಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ಣ ರಿಯಾಯಿತಿಯೂ ಜೊತೆಗಾರರಿಗೆ ಶೇ. 75ರಷ್ಟು ರಿಯಾಯಿತಿಯೂ ಇವೆ. ಈ ಸಂಗತಿಯನ್ನು ನಡಿಗೆಯ ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಅದೇ ಒಂದು ನೆರವು.

ಸಂಶೋಧನೆಯ ಪಾಲನ್ನೂ, ಶೇಕಡಾ ಎಷ್ಟೆಂದು, ಮೊದಲೇ ಘೋಷಿಸಿ. ಒಂದು ಊರಿನ ನಡಿಗೆಯಿಂದ ಹೊಸ ಔಷಧ ಹುಟ್ಟಲಾರದು, ನಿಜ. ಆದರೆ ಸಂಶೋಧನೆಯೆಂದರೆ ಪ್ರಯೋಗಾಲಯ ಮಾತ್ರವಲ್ಲ. ಯಾವ ಊರಿನಲ್ಲಿ, ಯಾವ ವಯಸ್ಸಿನವರಿಗೆ, ಯಾವ ಅಂಗದ ಕ್ಯಾನ್ಸರ್ ಬರುತ್ತಿದೆ ಎಂಬ ಲೆಕ್ಕವೂ ಸಂಶೋಧನೆಯೇ. 1982ರಲ್ಲಿ ಇಂಥ ನೋಂದಣಿ ಕಾರ್ಯ ಆರಂಭವಾದ ದೇಶದ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯದೂ ಒಂದು. ಸಣ್ಣ ಮೊತ್ತವೆಂದು ಹಿಂಜರಿಯಬೇಡಿ. ಮೂಳೆ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡಿದ್ದ ಕೆನಡಾದ ಯುವಕ ಟೆರ್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಿಂದ 143 ದಿನ ಓಡಿ 5,373 ಕಿ.ಮೀ. ಕ್ರಮಿಸಿದಾಗ, ಸಂಶೋಧನೆಗಾಗಿ ತನ್ನ ದೇಶದ ಪ್ರತಿಯೊಬ್ಬರಿಂದ ಬಯಸಿದ್ದು ಕೇವಲ ಒಂದು ಡಾಲರ್. ರೋಗ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ಅರ್ಧಕ್ಕೇ ನಿಂತರೂ, 1981ರ ಜೂನ್‌ನಲ್ಲಿ ಅವರು ತೀರಿಕೊಳ್ಳುವ ಮೊದಲೇ ಆ ಗುರಿ ಮುಟ್ಟಿತ್ತು.

ಹಣವನ್ನು ಯಾರೊಬ್ಬರ ಸ್ವಂತ ಖಾತೆಗೂ ಫೋನಿಗೂ ಹಾಕಿಸಬೇಡಿ. 80ಜಿ ಎಂದೇ ಹೆಸರಾದ ತೆರಿಗೆ ರಿಯಾಯಿತಿಗೆ ಮಾನ್ಯತೆ ಪಡೆದ ನೋಂದಾಯಿತ ಟ್ರಸ್ಟ್ ಒಂದರ ಜೊತೆಗೂಡಿದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ಆ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಅದು ಸಿಗದೆಂಬುದನ್ನು ಮುಂಚಿತವಾಗಿ ತಿಳಿಸಿ.

ಪ್ರಶ್ನೆ: ಚಿಕಿತ್ಸೆಯಲ್ಲಿರುವವರನ್ನೂ ನಡಿಗೆಗೆ ಕರೆಯಬಹುದೇ? ಮುಂಜಾಗ್ರತೆಗಳೇನು?

ಉತ್ತರ: ವೈದ್ಯರು ಒಪ್ಪಿದವರನ್ನು ಮಾತ್ರ ಕರೆಯಿರಿ. ಕೀಮೋಥೆರಪಿಯ ನಂತರ ಸುಮಾರು ಒಂದರಿಂದ ಎರಡು ವಾರದ ಅವಧಿಯಲ್ಲಿ ಬಿಳಿ ರಕ್ತಕಣಗಳು ಬಹಳ ಕಡಿಮೆಯಾಗುವುದರಿಂದ, ಆಗ ಜನಸಂದಣಿಯಲ್ಲಿ ತಗಲುವ ಸಾಧಾರಣ ಸೋಂಕೂ ಜೀವಕ್ಕೆ ಅಪಾಯ ತರಬಲ್ಲದು. ಬಂದವರಿಗೆ ನೆರಳಿನಲ್ಲಿ ಕುರ್ಚಿ ಹಾಕಿಸಿ, ಅರ್ಧ ಕಿಲೊಮೀಟರಿನ ಪ್ರತ್ಯೇಕ ದಾರಿ ಮಾಡಿಡಿ. ಅವರನ್ನು ವೇದಿಕೆ ಹತ್ತಿಸಿ ಕಥೆ ಹೇಳಿಸುವುದು, ಕೇಳದೆ ಫೋಟೊ ತೆಗೆಯುವುದು ಬೇಡವೇ ಬೇಡ. ಕೂದಲುದುರಿದ ತಲೆಯನ್ನು ಪತ್ರಿಕೆಯಲ್ಲಿ ಕಂಡ ಮಗಳಿಗೆ ಏನನ್ನಿಸುತ್ತದೆ ಎಂಬುದನ್ನು ಯೋಚಿಸಿ. ಪೊಲೀಸ್ ಮತ್ತು ನಗರಸಭೆಯ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ, ಒಂದು ಆಂಬುಲೆನ್ಸ್ ಸಿದ್ಧವಿರಲಿ. ಬಿಸಿಲೇರುವ ಮುನ್ನ ಮುಗಿಯುವಂತೆ ಬೆಳಿಗ್ಗೆ ಆರೂವರೆಗೆ ಹೊರಡಿ. ಆಸ್ಪತ್ರೆಯ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾದ್ದರಿಂದ ಅಲ್ಲಿ ಧ್ವನಿವರ್ಧಕ ಬೇಡ.

ಪ್ರಶ್ನೆ: ಪಾನ್ ಮಸಾಲಾ ವಿತರಕರೊಬ್ಬರು ಒಂದು ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದ್ದಾರೆ. ಟಿ-ಶರ್ಟಿನ ಮೇಲೆ ಅವರ ಬ್ರ್ಯಾಂಡಿನ ಹೆಸರಿರಬೇಕಂತೆ. ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ.

ಉತ್ತರ: ಕೈಮುಗಿದು ನಿರಾಕರಿಸಿ. ತಂಬಾಕು ಉತ್ಪನ್ನಗಳನ್ನು ಪ್ರಾಯೋಜಕತ್ವದ ಮೂಲಕ ಪ್ರಚಾರ ಮಾಡುವುದನ್ನು 2003ರ ತಂಬಾಕು ನಿಯಂತ್ರಣ ಕಾಯಿದೆಯೇ ನಿಷೇಧಿಸಿದೆ. ತಂಬಾಕಿಲ್ಲದ ಪಾನ್ ಮಸಾಲಾ ಎಂಬ ಸಮಾಧಾನವೂ ಸಲ್ಲದು: ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಅಡಿಕೆಯಿಂದಲೇ ಬಾಳುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲವೆಂದು ಬಲ್ಲೆ. ಬೆಳೆಗಾರರು ನೆರೆಹೊರೆಯವರಾಗಿ ಕೊಡುವ ದಾನವನ್ನು ಸಂತೋಷದಿಂದ ಸ್ವೀಕರಿಸಿ. ಅವರ ಮನೆಗಳಲ್ಲೂ ರೋಗಿಗಳಿದ್ದಾರೆ. ಆದರೆ ಬಾಯಿ ಕ್ಯಾನ್ಸರಿನಿಂದ ದವಡೆ ತೆಗೆಸಿಕೊಂಡವರೊಬ್ಬರು ಅಂದು ನಿಮ್ಮ ಪಕ್ಕದಲ್ಲಿ ನಡೆಯುತ್ತಿರಬಹುದು. ಅವರ ಎದುರಿಗೆ ಆ ಬ್ರ್ಯಾಂಡಿನ ಹೆಸರು ಧರಿಸಿ ನಿಲ್ಲಬೇಡಿ. ಆ ಒಂದು ಲಕ್ಷವನ್ನು ಸಾವಿರ ಮನೆಗಳಿಂದ ನೂರು ನೂರು ರೂಪಾಯಿಯಂತೆ ಸೇರಿಸಲು ಫೆಬ್ರುವರಿಯವರೆಗೆ ನಿಮಗೆ ಸಮಯವಿದೆ.