ಧಾರವಾಡದಲ್ಲಿ ಯೂನಿವರ್ಸಿಟಿ ಟೆನಿಸ್ ತಂಡಕ್ಕೆ ಆಡುವುದು ಹೇಗಿರುತ್ತದೆ? ಜಿದ್ದು ಯಾರ ಜೊತೆ?

ಗದಗದಿಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ. ಓದಲು ಬಂದಿದ್ದೀರಿ, ಶಾಲೆಯಿಂದಲೂ ಟೆನಿಸ್ ಆಡಿದ್ದೀರಿ. ಯೂನಿವರ್ಸಿಟಿ ತಂಡಕ್ಕೆ ಸೇರಿದರೆ ಎಷ್ಟು ಪಂದ್ಯ ಸಿಗುತ್ತವೆ, ಪೈಪೋಟಿ ಯಾರ ಜೊತೆ ಅಂತ ಕೇಳಿದ್ದೀರಿ. ನಾನು ಅದೇ ತಂಡಕ್ಕೆ ಆಡಿದವನು. ಖಂಡಿತ ಸೇರಿ. ಆದರೆ ದೊಡ್ಡ ಪಂದ್ಯಗಳು ಕೈಬೆರಳಲ್ಲಿ ಎಣಿಸುವಷ್ಟೇ. ನಮ್ಮ ಟೆನಿಸ್‌ನ ನಿಜವಾದ ಸೊಗಸು ಇರುವುದು ಊರೊಳಗಿನ ಜಿದ್ದಿನಲ್ಲಿ.

ಮೊದಲು ಅಂತರ ಕಾಲೇಜು ಟೂರ್ನಿ ನಡೆಯುತ್ತದೆ, ತಂಡದ ಆಯ್ಕೆ ಅಲ್ಲಿಂದಲೇ. ಆಮೇಲೆ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣ, ಪುದುಚೇರಿಯ ತಂಡಗಳೆಲ್ಲ ಒಂದೇ ಕಡೆ ಸೇರುತ್ತವೆ. ಸಾಮಾನ್ಯವಾಗಿ ಎರಡು ಸಿಂಗಲ್ಸ್, ಒಂದು ಡಬಲ್ಸ್. ಶುರುವಿನ ಸುತ್ತುಗಳೆಲ್ಲ ನಾಕೌಟ್, ಸೋತರೆ ಅಂದೇ ಬ್ಯಾಗ್ ಕಟ್ಟಬೇಕು. ವಲಯದ ಮೊದಲ 4 ತಂಡಗಳಿಗಷ್ಟೇ ಅಖಿಲ ಭಾರತ ಟೂರ್ನಿಯ ಅವಕಾಶ. ಚೆನ್ನೈ ಕಡೆಯ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ರ‍್ಯಾಂಕಿಂಗ್ ಇರುವವರನ್ನೇ ಸ್ಕಾಲರ್‌ಶಿಪ್ ಕೊಟ್ಟು ಸೇರಿಸಿಕೊಳ್ಳುತ್ತವೆ. ಅಂಥವರ ಎದುರು ಡ್ರಾ ಬಿದ್ದರೆ ಒಂದು ಸೆಟ್ ಗೆದ್ದರೂ ನಾನು ಅದನ್ನು ಸಾಧನೆ ಎಂದೇ ಕರೆಯುತ್ತೇನೆ.

ಇನ್ನು ಜಿದ್ದಿನ ವಿಷಯ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದ ಮೇಲೆ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹುಡುಗರು ನಮ್ಮ ತಂಡದಿಂದ ಹೋದರು. ಅಲ್ಲಿಯವರೆಗೆ ಜೊತೆಗಿದ್ದ ಕಾಲೇಜುಗಳು ಎದುರಾಳಿಗಳಾದವು. ಧಾರವಾಡದ ಒಳಗಂತೂ ಇದು ಇನ್ನೂ ವಿಚಿತ್ರ. 1986ರಿಂದ ಇಲ್ಲೇ ಕೃಷಿ ವಿಶ್ವವಿದ್ಯಾಲಯವೂ ಇದೆ. ಎಂಜಿನಿಯರಿಂಗ್ ಓದುವವರಲ್ಲಿ ಹಲವರು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಲೆಕ್ಕಕ್ಕೆ ಸೇರುತ್ತಾರೆ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಒಂದೇ ಓಣಿಯ ನಾಲ್ಕು ಜನ ನಾಲ್ಕು ಯೂನಿವರ್ಸಿಟಿಯವರಾಗಿರಬಹುದು, ಆದರೆ ಬೆಳಗ್ಗೆ ಅಭ್ಯಾಸಕ್ಕೆ ಸಿಗುವುದು ಅದದೇ ಕೋರ್ಟುಗಳಲ್ಲಿ. ಧಾರವಾಡ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಕೋರ್ಟುಗಳಿಗೆ ಒಮ್ಮೆ ಹೋಗಿ ನೋಡಿ. 2023ರ ಅಕ್ಟೋಬರ್‌ನಲ್ಲಿ 25 ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಪುರುಷರ ಟೂರ್ನಿ ನಡೆದದ್ದು ಅಲ್ಲೇ.

ಜೊತೆಗೆ ಅಭ್ಯಾಸ ಮಾಡುವವನೇ ಎದುರಾಳಿಯಾದಾಗ ಏನಾಗುತ್ತದೆ ಅಂತ ಒಂದು ಫ್ರೆಂಡ್ಲಿ ಪಂದ್ಯದ ಮಾತು ಹೇಳುತ್ತೇನೆ. ಕೃಷಿ ವಿಶ್ವವಿದ್ಯಾಲಯದ ಹುಡುಗರ ಜೊತೆ ಸಿಂಗಲ್ಸ್ ಒಂದೊಂದು ಆಗಿ, ಡಬಲ್ಸ್ 10 ಪಾಯಿಂಟಿನ ಟೈಬ್ರೇಕ್‌ಗೆ ಹೋಗಿತ್ತು. 9-8ಕ್ಕೆ ನಾವು ಮುಂದೆ, ನನ್ನ ಸರ್ವ್, ಎಡಗಡೆಯ ಬಾಕ್ಸಿಗೆ. ಮೊದಲ ಸರ್ವ್ ನೆಟ್‌ಗೆ ಬಡಿಯಿತು. ಎರಡನೆಯದು ನಾನು ಯಾವಾಗಲೂ ಮಾಡುವ ಕಿಕ್ ಸರ್ವ್, ಚೆಂಡು ತಿರುಗುತ್ತ ಪುಟಿದು ಹೊರಮುಖವಾಗಿ ಎದುರಿನ ಹುಡುಗನ ಬ್ಯಾಕ್‌ಹ್ಯಾಂಡಿಗೆ ಏಳುವಂಥದ್ದು. ಚೆಂಡು ನನ್ನ ತಲೆಯ ಮೇಲೆ ಎಡಕ್ಕೆ ಎದ್ದದ್ದೇ ತಡ, ಅವನು ಎರಡು ಹೆಜ್ಜೆ ಎಡಕ್ಕೆ ಸರಿದು, ಒಂದು ಹೆಜ್ಜೆ ಮುಂದೆ ಬಂದು ಫೋರ್‌ಹ್ಯಾಂಡಿನಲ್ಲೇ ಬಾರಿಸಿದ. ನೆಟ್ ಹತ್ತಿರ ನಿಂತ ನನ್ನ ಜೊತೆಗಾರ ತಿರುಗುವಷ್ಟರಲ್ಲಿ ಚೆಂಡು ಗೆರೆಯ ಪಕ್ಕ ಹಾದುಹೋಗಿತ್ತು. ಪಂದ್ಯವೂ ಅವರದೇ ಆಯಿತು.

ಮರುದಿನ ಅಭ್ಯಾಸಕ್ಕೆ ಬಂದವನು ತಾನಾಗಿಯೇ ಹೇಳಿದ: "ಕಿಕ್ ಹೊಡೀಬೇಕಂದ್ರ ನೀ ಚೆಂಡು ಎಡಕ್ಕ ಎತ್ತತೀ. ಎತ್ತಿದ ಕೂಡಲೇ ಗೊತ್ತಾಗತೈತಿ. ಎಲ್ಲಾ ಸರ್ವಿಗೂ ಒಂದ ಕಡೆ ಎತ್ತು." ಅವನೇ ಆಚೆ ನಿಂತು ವಾರಗಟ್ಟಲೆ ನನ್ನ ಸರ್ವ್ ಎದುರಿಸಿದ. ದಕ್ಷಿಣ ವಲಯದಲ್ಲಿ ನಾಳೆ ತನ್ನ ಎದುರೇ ನಾನು ಅದನ್ನು ಬಳಸಬಹುದು ಅಂತ ಅವನಿಗೆ ಗೊತ್ತಿತ್ತು. ಇಂಥ ಎದುರಾಳಿ ಸಿಗುವುದು ಭಾಗ್ಯ, ದುಡ್ಡು ಕೊಟ್ಟು ಇಟ್ಟುಕೊಂಡ ಕೋಚ್ ಕೂಡ ಇಷ್ಟು ಹತ್ತಿರದಿಂದ ನೋಡಿರುವುದಿಲ್ಲ.

ಹೊರಗಿನ ಪಂದ್ಯಕ್ಕೆ ಹೋಗುವಾಗ ನೆನಪಿಡಬೇಕಾದ ಇನ್ನೊಂದು ವಿಷಯ ಗಾಳಿ. ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತುಸು ತೆಳು, ಹಾಗಾಗಿ ಚೆಂಡು ತುಸು ಹೆಚ್ಚೇ ಓಡುತ್ತದೆ. ಚೆನ್ನೈಯಂಥ ಕಡಲ ತೀರದಲ್ಲಿ ಹಾಗಲ್ಲ, ಚೆಂಡಿನ ಮೇಲಿನ ಉಣ್ಣೆ ತೇವ ಹೀರಿ ಭಾರವಾಗುತ್ತದೆ. ಇಲ್ಲಿ ಬೇಸ್‌ಲೈನ್ ಹತ್ತಿರ ಬೀಳುವ ಹೊಡೆತ ಅಲ್ಲಿ ಸರ್ವಿಸ್ ಲೈನ್ ದಾಟಿ ನಿಂತುಬಿಡುತ್ತದೆ, ಎದುರಿನವರು ಅದನ್ನು ಬಿಡುವುದಿಲ್ಲ. ನೆಟ್‌ನಿಂದ ಇನ್ನಷ್ಟು ಎತ್ತರಿಸಿ ಹೊಡೆಯುವುದನ್ನು ಇಲ್ಲೇ ರೂಢಿಸಿಕೊಳ್ಳಿ. ನಮ್ಮ ಮಳೆಗಾಲ ಇದಕ್ಕೆ ಒಳ್ಳೆಯ ಅಭ್ಯಾಸ ಕೊಡುತ್ತದೆ. ಜುಲೈ, ಆಗಸ್ಟ್‌ನ ಜಿಟಿಜಿಟಿ ಬಿಟ್ಟ ಮೇಲೆ ಕೋರ್ಟ್ ಒಣಗಿದರೂ ಚೆಂಡು ಹಸಿಯಾಗೇ ಇರುತ್ತದೆ. ಹಲವರು ಅಂಥ ದಿನ ಮನೆಯಲ್ಲೇ ಉಳಿಯುತ್ತಾರೆ, ನೀವು ಹೋಗಿ.

ಅಂತರ ವಿಶ್ವವಿದ್ಯಾಲಯ ಟೂರ್ನಿಗೆ 25 ವರ್ಷದ ವಯೋಮಿತಿ ಇದೆ. ಎಂ.ಎಸ್ಸಿ.ಗೆ ಬಂದವರಿಗೆ ಎರಡು ಸೀಸನ್ ಸಿಕ್ಕರೆ ಹೆಚ್ಚು. ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ ಕ್ರೀಡಾ ವಿಭಾಗಕ್ಕೆ ಹೋಗಿ ಆಯ್ಕೆಯ ದಿನಾಂಕ ಕೇಳಿಕೊಳ್ಳಿ. ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳುತ್ತಾರೆ, ಗದಗದ ಮನೆಯಲ್ಲಿ ಬಿಟ್ಟು ಬಂದಿದ್ದರೆ ಮುಂದಿನ ಸಲ ಹೋದಾಗ ತಂದಿಟ್ಟುಕೊಳ್ಳಿ.